ತಲೆ ಬಾಗಿಸುವ ಊರಿನಲ್ಲಿ ಭಾವನ ಜೊತೆ

ಬುಧವಾರ: ದಾಂಡೊಂಗ್‌ನಿಂದ ಪ್ಯೋಂಗ್ಯಾಂಗ್‌ಗೆ

ದಾಂಡೊಂಗ್ ಚೀನಾದ ಗಡಿ ಊರು. ಯಾಲು ನದಿ ದಾಟಿದರೆ ಆಚೆ ಉತ್ತರ ಕೊರಿಯಾ. ನದಿಗೆ ಅಕ್ಕಪಕ್ಕದಲ್ಲೇ ಎರಡು ಸೇತುವೆಗಳಿವೆ. ಒಂದು ನೀರಿನ ನಡುವೆ ತುಂಡಾಗಿ ನಿಂತಿದೆ. 1950ರಲ್ಲಿ, ಕೊರಿಯಾ ಯುದ್ಧದ ಹೊತ್ತಿಗೆ, ಅಮೆರಿಕದ ವಿಮಾನಗಳು ಬಾಂಬ್ ಹಾಕಿ ಮುರಿದದ್ದು ಅದು. ಇನ್ನೊಂದರ ಮೇಲೆ ನಮ್ಮ ರೈಲು ನಿಧಾನಕ್ಕೆ ಹೊರಟಿತು. ಅದು 2018ರ ಅಕ್ಟೋಬರ್. ಎದುರು ಸೀಟಿನಲ್ಲಿ ಭಾವ ಕೂತಿದ್ದರು.

ಭಾವ ಮೈಸೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. ದೇವರನ್ನು ನಂಬುವುದಿಲ್ಲ. ನಾನು ನಂಬುತ್ತೇನೆ. ಬೆಳಗ್ಗೆ ದೀಪ ಹಚ್ಚದೆ ಕಾಫಿ ಕುಡಿಯುವುದಿಲ್ಲ. ಈ ಪ್ರವಾಸಕ್ಕೆ ಕಾರಣವೇ ನಮ್ಮಿಬ್ಬರ ಹಳೇ ವಾದ. "ಉತ್ತರ ಕೊರಿಯಾ ನೋಡಿದ್ರೆ ಮತ ಅಂದ್ರೇನು ಅಂತ ಗೊತ್ತಾಗುತ್ತೆ ಕಣಯ್ಯ. ದೇವರ ಜಾಗದಲ್ಲಿ ಮನುಷ್ಯನನ್ನ ಕೂರಿಸಿದ್ದಾರೆ. ಮಿಕ್ಕಿದ್ದೆಲ್ಲಾ ಅದೇ" ಅಂತ ಅವರು. "ಇಲ್ಲ ಭಾವ, ಎರಡೂ ಬೇರೆ" ಅಂತ ನಾನು. ಎಲ್ಲಿ ಬೇರೆ ಅಂತ ಕೇಳಿದಾಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಸಿನುಯಿಜು ಸ್ಟೇಷನ್ನಿನಲ್ಲಿ ರೈಲು ತುಂಬಾ ಹೊತ್ತು ನಿಂತಿತು. ಅಧಿಕಾರಿಗಳು ಬೋಗಿಗೆ ಬಂದು ಬ್ಯಾಗು, ಫೋನು, ಪುಸ್ತಕ ಎಲ್ಲಾ ನೋಡಿದರು. ಬೈಬಲ್ ಇದೆಯಾ ಅಂತ ಬಿಡಿಸಿ ಕೇಳಿದರು. ನನ್ನ ಪರ್ಸಿನಲ್ಲಿದ್ದ ಹನುಮಂತನ ಚಿತ್ರವನ್ನು ಒಬ್ಬರು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು. ಆದರೆ ಬೈಬಲ್ ವಿಷಯ ಹಗುರವಾದದ್ದಲ್ಲ. 2014ರಲ್ಲಿ ಜೆಫ್ರಿ ಫೌಲ್ ಎಂಬ ಅಮೆರಿಕದ ಪ್ರವಾಸಿ ಚೊಂಗ್‌ಜಿನ್ ಊರಿನ ಒಂದು ಕ್ಲಬ್ಬಿನಲ್ಲಿ ಬೈಬಲ್ ಬಿಟ್ಟು ಬಂದಿದ್ದಕ್ಕೆ ತಿಂಗಳುಗಟ್ಟಲೆ ಬಂಧನದಲ್ಲಿದ್ದರು. ಕೆನೆತ್ ಬೇ ಎಂಬ ಮಿಷನರಿಗೆ 2013ರಲ್ಲಿ 15 ವರ್ಷ ಕಠಿಣ ಶಿಕ್ಷೆ ಆಗಿತ್ತು. ಅವರ ಬಿಡುಗಡೆಯೂ 2014ರಲ್ಲೇ ಆಯಿತು.

"ಮತಗಳಿಗೆ ಇನ್ನೊಂದು ಮತದ ಪುಸ್ತಕ ಕಂಡ್ರೆ ಭಯ" ಅಂದರು ಭಾವ.

ಗಡಿಯಿಂದ ಪ್ಯೋಂಗ್ಯಾಂಗ್‌ಗೆ ಸುಮಾರು 225 ಕಿಲೋಮೀಟರ್. ಕುಯ್ಲಿನ ಕಾಲ. ಗದ್ದೆಗಳಲ್ಲಿ ಭತ್ತದ ಹೊರೆ, ದಾರಿಯಲ್ಲಿ ಎತ್ತಿನ ಗಾಡಿ, ಸೈಕಲ್ಲು. ಊರು ಬಂದಾಗಲೆಲ್ಲಾ ಒಂದು ಎತ್ತರದ ಕಲ್ಲಿನ ಕಂಬ ಕಾಣುತ್ತಿತ್ತು. ಅದರ ಮೇಲೆ ಕೆಂಪು ಅಕ್ಷರ. ಮಹಾನಾಯಕರು ಸದಾ ನಮ್ಮ ಜೊತೆ ಇದ್ದಾರೆ ಅಂತ ಬರೆದಿರುತ್ತದೆ. 1994ರಲ್ಲಿ ಈ ದೇಶ ಕಟ್ಟಿದ ಮೊದಲ ನಾಯಕ ಕಿಮ್ ಇಲ್ ಸುಂಗ್ ತೀರಿಕೊಂಡ ಮೇಲೆ ದೇಶದ ತುಂಬಾ ನಿಲ್ಲಿಸಿದ ಕಂಬಗಳು ಇವು. 1998ರ ಸಂವಿಧಾನದಲ್ಲಿ ಅವರನ್ನು ಶಾಶ್ವತ ರಾಷ್ಟ್ರಾಧ್ಯಕ್ಷ ಅಂತ ಘೋಷಿಸಿದರು. ಸತ್ತವರ ಹೆಸರಿನಲ್ಲೇ ಆ ಕುರ್ಚಿ ಉಳಿಯಿತು. ಮಗ ಕಿಮ್ ಜಾಂಗ್ ಇಲ್ ಬೇರೆ ಹುದ್ದೆಗಳಿಂದ ದೇಶ ಆಳಿದರು.

ಸಂಜೆ ಪ್ಯೋಂಗ್ಯಾಂಗ್ ಸ್ಟೇಷನ್ನಿನಲ್ಲಿ ನಮ್ಮ ಗೈಡ್‌ಗಳು ಕಾಯುತ್ತಿದ್ದರು, ಒಬ್ಬ ಹೆಣ್ಣುಮಗಳು, ಒಬ್ಬ ಗಂಡಸು. ಇಬ್ಬರ ಎಡ ಎದೆಯ ಮೇಲೂ ತಂದೆ ಮಗ ಇಬ್ಬರು ನಾಯಕರ ನಗುಮುಖದ ಕೆಂಪು ಬ್ಯಾಡ್ಜ್. ಬಸ್ಸಿನಲ್ಲೇ ನಿಯಮ ಹೇಳಿದರು. ಪ್ರತಿಮೆಯ ಫೋಟೋ ತೆಗೆದರೆ ತಲೆಯಿಂದ ಕಾಲಿನವರೆಗೆ ಪೂರ್ತಿ ಬರಬೇಕು, ಕತ್ತರಿಸಬಾರದು. ನಾಯಕರ ಚಿತ್ರ ಇರುವ ಪತ್ರಿಕೆಯನ್ನು ಮುಖದ ಮೇಲೆ ಬರುವ ಹಾಗೆ ಮಡಚಬಾರದು, ಎಸೆಯಬಾರದು. ಆಕೆ ಇದನ್ನೆಲ್ಲಾ ಕೇಳಿಕೊಳ್ಳುವ ಧ್ವನಿಯಲ್ಲೇ ಹೇಳಿದರು. ಹೆದರಿಸುವ ಧ್ವನಿ ಇರಲಿಲ್ಲ. ನಮ್ಮಿಂದ ಏನಾದರೂ ಹೆಚ್ಚುಕಮ್ಮಿ ಆದರೆ ಉತ್ತರ ಕೊಡಬೇಕಾದವರು ಅವರೇ ಅನ್ನುವುದು ನಮಗೂ ಗೊತ್ತಿತ್ತು.

ಗುರುವಾರ: ಕುಮ್ಸುಸಾನ್ ಮತ್ತು ಮನ್ಸುದೇ ಗುಡ್ಡ

ಕುಮ್ಸುಸಾನ್ ಅರಮನೆ ಆಗ ಪ್ರವಾಸಿಗಳಿಗೆ ತೆರೆದಿರುತ್ತಿದ್ದದ್ದು ಗುರುವಾರ ಮತ್ತು ಭಾನುವಾರ. ಕಿಮ್ ಇಲ್ ಸುಂಗ್ ಬದುಕಿದ್ದಾಗ ಇದು ಅವರ ಮನೆ ಮತ್ತು ಕಚೇರಿ. ಈಗ ಅವರ ದೇಹವೂ ಮಗನ ದೇಹವೂ ಕೊಳೆಯದ ಹಾಗೆ ಕಾಪಿಟ್ಟು ಗಾಜಿನ ಪೆಟ್ಟಿಗೆಯಲ್ಲಿ ಮಲಗಿವೆ. ನಾವು ಟೈ ಕಟ್ಟಿಕೊಂಡು ಹೋದೆವು. ಕ್ಯಾಮೆರಾ, ಫೋನು ಎಲ್ಲಾ ಹೊರಗೇ ಇಟ್ಟೆವು. ಮೊದಲು ಬೂಟಿನ ಅಡಿ ಉಜ್ಜುವ ಯಂತ್ರ. ಆಮೇಲೆ ನೂರಾರು ಮೀಟರ್ ಉದ್ದದ ಚಲಿಸುವ ಪಟ್ಟಿ. ಅದರ ಮೇಲೆ ನಡೆಯಬಾರದು, ಸುಮ್ನೆ ನಿಲ್ಲಬೇಕು. ಗೋಡೆಯ ತುಂಬಾ ನಾಯಕರ ಫೋಟೋಗಳು ನಿಧಾನಕ್ಕೆ ಹಿಂದೆ ಸರಿಯುತ್ತವೆ. ಎದುರಿನ ಪಟ್ಟಿಯ ಮೇಲೆ ನೋಡಿ ವಾಪಸ್ ಬರುತ್ತಿದ್ದ ಸೈನಿಕರು, ರೈತರು, ಸಾಂಪ್ರದಾಯಿಕ ಉಡುಪು ತೊಟ್ಟ ಹೆಂಗಸರು. ಕೆಲವರು ಅಳುತ್ತಿದ್ದರು. ಕೊನೆಗೆ ಬಟ್ಟೆಯ ಮೇಲಿನ ಧೂಳು ಹಾರಿಸಲು ಗಾಳಿ ಊದುವ ಒಂದು ಬಾಗಿಲು.

ಒಳಗೆ ಮಬ್ಬಾದ ಕೆಂಪು ಬೆಳಕು. ಸಾಲಾಗಿ ನಿಂತು ಪಾದದ ಕಡೆ ಒಂದು ಸಲ ಬಾಗಬೇಕು. ಆಮೇಲೆ ಎರಡೂ ಪಕ್ಕಗಳಲ್ಲಿ ಒಂದೊಂದು ಸಲ. ತಲೆಯ ಕಡೆ ಬಾಗುವ ಹಾಗಿಲ್ಲ. ನಾನು ಬಾಗಿದೆ. ಪಕ್ಕದಲ್ಲಿ ಭಾವನೂ ಬಾಗಿದರು.

ಭಾವ ಬಾಗಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅವರ ತಾಯಿ ದೊಡ್ಡ ದೈವಭಕ್ತೆ. ನಂಜನಗೂಡಿಗೆ ಹೋದಾಗಲೆಲ್ಲಾ ಮಗ ಹೊರಗೆ ಕಲ್ಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ತಾಯಿ ಬಂದು ಕೈಗೆ ಪ್ರಸಾದ ಕೊಡುತ್ತಿದ್ದರು, ಇವರು ತಿನ್ನುತ್ತಿದ್ದರು. ಒಂದು ಮಾತೂ ಬರುತ್ತಿರಲಿಲ್ಲ. ಅರವತ್ತು ದಾಟಿದ ಅಂಥ ಮನುಷ್ಯ ಇಲ್ಲಿ ಒಬ್ಬ ಸತ್ತ ರಾಜಕಾರಣಿಯ ಕಾಲ ಹತ್ತಿರ ಸೊಂಟ ಬಗ್ಗಿಸಿದರು. ಯಾಕೆ ಅಂತ ನಾನು ಕೇಳಲಿಲ್ಲ. ಯಾಕೆ ಅನ್ನುವುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ನಾವು ಬಾಗದಿದ್ದರೆ ಗೈಡ್‌ಗಳಿಗೆ ಕಷ್ಟ.

ಪಕ್ಕದ ಕೋಣೆಗಳಲ್ಲಿ ಪದಕಗಳು, ಕಾರು, ದೋಣಿ, ಕಿಮ್ ಜಾಂಗ್ ಇಲ್ ಓಡಾಡುತ್ತಿದ್ದ ರೈಲಿನ ಬೋಗಿ. ಬೋಗಿಯ ಮೇಜಿನ ಮೇಲೆ ಅವರ ಲ್ಯಾಪ್‌ಟಾಪ್ ಹಾಗೇ ಇದೆ. 2011ರ ಡಿಸೆಂಬರ್ 17ರಂದು ರೈಲಿನಲ್ಲಿ ಪ್ರಯಾಣದಲ್ಲಿದ್ದಾಗಲೇ ಅವರು ತೀರಿಕೊಂಡರು ಅನ್ನುವುದು ಸರ್ಕಾರ ಹೇಳುವ ಮಾತು. ಸಂತರ ಹಲ್ಲು, ಕೂದಲು, ಪಾದುಕೆ ಇಟ್ಟು ಪೂಜಿಸುವುದನ್ನು ನಾವೆಲ್ಲಾ ನೋಡಿದ್ದೇವೆ. ಇಲ್ಲಿ ಅದೇ ಕೆಲಸವನ್ನು ಒಂದು ಸರ್ಕಾರ ಮಾಡುತ್ತಿದೆ. ನಾಯಕರು ಭೇಟಿ ಕೊಟ್ಟ ಕಾರ್ಖಾನೆಯಲ್ಲಿ ಅವರು ಕೂತ ಕುರ್ಚಿಯನ್ನೂ ಹೀಗೇ ಕಾಪಾಡುತ್ತಾರೆ.

ಆದರೆ ನನ್ನ ಮನಸ್ಸಿನಲ್ಲಿ ಕೂತದ್ದು ಆ ಕಟ್ಟಡದ ಕಾಲ. ಮನೆಯನ್ನು ಸಮಾಧಿ ಮಾಡಿ ಜನರಿಗೆ ತೆರೆದದ್ದು 1995ರಲ್ಲಿ. ದೇಶದಲ್ಲಿ ದೊಡ್ಡ ಕ್ಷಾಮ ಶುರುವಾಗಿದ್ದೂ ಅದೇ ಹೊತ್ತಿಗೆ. ಸೋವಿಯತ್ ಒಕ್ಕೂಟ ಮುರಿದುಬಿದ್ದು ಅಗ್ಗದ ಎಣ್ಣೆ, ಗೊಬ್ಬರ ನಿಂತಿತ್ತು. ಮೇಲೆ ನೆರೆ ಬಂತು. ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಅಷ್ಟು ಜನ ಸಾಯುವಾಗ ಅಮೃತಶಿಲೆ ಹಾಸಿದರು ಅನ್ನುವುದನ್ನು ನನ್ನ ಭಕ್ತಿಯ ಮನಸ್ಸು ಒಪ್ಪುವುದಿಲ್ಲ. ಭಾವ ಅದಕ್ಕೂ ಉತ್ತರ ಕೊಟ್ಟರು. ಬರಗಾಲದಲ್ಲೂ ದೇವಸ್ಥಾನ ಕಟ್ಟಿದ ರಾಜರು ಎಲ್ಲಾ ಕಡೆ ಇದ್ದರಂತೆ. ಇದ್ದರು, ಸುಳ್ಳಲ್ಲ.

ಮಧ್ಯಾಹ್ನ ಮನ್ಸುದೇ ಗುಡ್ಡ. ಇಪ್ಪತ್ತು ಮೀಟರಿಗಿಂತ ಎತ್ತರದ ಎರಡು ಕಂಚಿನ ಪ್ರತಿಮೆಗಳು. ತಂದೆಯದ್ದನ್ನು 1972ರಲ್ಲಿ, ಅವರ 60ನೇ ಹುಟ್ಟುಹಬ್ಬಕ್ಕೆ ನಿಲ್ಲಿಸಿದರು. ಅಂದರೆ ಅವರು ಬದುಕಿರುವಾಗಲೇ. ಮಗನದ್ದು 2012ರಲ್ಲಿ ಸೇರಿತು. ನಾವು ಹೂವು ಇಟ್ಟು ಸಾಲಾಗಿ ಬಾಗಿದೆವು. ಒಂದು ಮದುವೆಯ ಜೋಡಿಯೂ ಬಂದಿತ್ತು. ಮದುಮಗಳು ಹೂಗುಚ್ಛ ಇಟ್ಟು ಎದ್ದಾಗ ಆಕೆಯ ಮುಖದಲ್ಲಿದ್ದ ಖುಷಿ ನನಗೆ ನಿಜ ಅನ್ನಿಸಿತು. ಯಾವ ಖುಷಿ, ಗಂಡನದ್ದೋ ನಾಯಕರದ್ದೋ, ಅದನ್ನು ಹೊರಗಿನಿಂದ ಬಂದ ನಾನು ಹೇಳಲಾರೆ.

ಶುಕ್ರವಾರ: ಮ್ಯೋಹ್ಯಾಂಗ್ ಬೆಟ್ಟ

ಪ್ಯೋಂಗ್ಯಾಂಗ್‌ನಿಂದ ಉತ್ತರಕ್ಕೆ ಎರಡು ಗಂಟೆಗೂ ಜಾಸ್ತಿ ದಾರಿ. ಬೆಟ್ಟದ ತುಂಬಾ ಕೆಂಪು, ಹಳದಿ ಎಲೆ.

ದಾರಿಯಲ್ಲಿ ಗೈಡ್ ಕಿಮ್ ಜಾಂಗ್ ಇಲ್ ಹುಟ್ಟಿದ ಕಥೆ ಹೇಳಿದರು. 1942ರ ಫೆಬ್ರವರಿ 16, ಪೇಕ್ತು ಪರ್ವತದ ಕಾಡಿನಲ್ಲಿ ಗೆರಿಲ್ಲಾಗಳ ಗುಡಿಸಲು. ಆಕಾಶದಲ್ಲಿ ಹೊಸ ನಕ್ಷತ್ರ, ಜೋಡಿ ಕಾಮನಬಿಲ್ಲು. ಸೋವಿಯತ್ ದಾಖಲೆ ಬೇರೆಯದನ್ನೇ ಹೇಳುತ್ತದೆ. ಖಬಾರೊವ್ಸ್ಕ್ ಹತ್ತಿರದ ಒಂದು ಹಳ್ಳಿ, 1941. ತಂದೆ ಆಗ ಅಲ್ಲಿ ಸೋವಿಯತ್ ಸೈನ್ಯದಲ್ಲಿದ್ದರು. ಪೇಕ್ತು ಯಾಕೆ ಬೇಕಾಯಿತು ಅಂದರೆ, ಕೊರಿಯಾದ ಜನರ ಮೂಲಪುರುಷ ದಂಗುನ್‌ನ ಕಥೆ ಇರುವುದು ಆ ಪರ್ವತದಲ್ಲೇ. ದೇವಲೋಕದಿಂದ ಇಳಿದವನಿಗೂ ಕರಡಿಯಾಗಿದ್ದು ಹೆಣ್ಣಾದವಳಿಗೂ ಹುಟ್ಟಿದವನು ದಂಗುನ್. 1990ರ ದಶಕದಲ್ಲಿ ಅವನ ಸಮಾಧಿ ಪ್ಯೋಂಗ್ಯಾಂಗ್ ಹತ್ತಿರವೇ ಸಿಕ್ಕಿತು ಅಂತ ಸರ್ಕಾರ ಘೋಷಿಸಿ, ಅಲ್ಲೊಂದು ದೊಡ್ಡ ಕಲ್ಲಿನ ಪಿರಮಿಡ್ ಕಟ್ಟಿಸಿತು. ಹಳೇ ಪುರಾಣ ಎಲ್ಲಿತ್ತೋ ಅಲ್ಲೇ ಹೊಸ ಮನೆತನದ ಬೇರು ಇಳಿಸಿದರು.

ಭಾವ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಕೇಳಿದರು. "ಹುಟ್ಟಿದಾಗ ಆಕಾಶದಲ್ಲಿ ಗುರುತು ಕಾಣೋದು ಯಾವ ಮತದಲ್ಲಿ ಇಲ್ಲ ಹೇಳು?"

ನಾನು ಯೋಚಿಸುತ್ತಾ ಕೂತೆ. ಅವತಾರದ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಆದರೆ ಒಂದೇ ಕಥೆಯನ್ನು ಹತ್ತು ಜನ ಹತ್ತು ರೀತಿ ಹೇಳುತ್ತಾರೆ. ರಾಮನ ಕಥೆಯನ್ನು ಜೈನರು ಬೇರೆ ಥರ ಹೇಳಿದರು, ನಮ್ಮ ಜನಪದರು ಬೇರೆ ಥರ ಹಾಡಿದರು. ಸೀತೆಯ ಪರವಾಗಿ ರಾಮನನ್ನು ಬೈಯುವ ಅಜ್ಜಿಯರು ನಮ್ಮ ಮನೆಯಲ್ಲೇ ಇದ್ದರು. ಪೇಕ್ತುವಿನ ಕಥೆಗೆ ಇನ್ನೊಂದು ಪಾಠ ಇಲ್ಲ. ಖಬಾರೊವ್ಸ್ಕ್ ಅಂತ ಬಸ್ಸಿನಲ್ಲಿ ಗಟ್ಟಿಯಾಗಿ ಹೇಳುವ ಹಾಗೂ ಇರಲಿಲ್ಲ. ನನಗೆ ಬೇಕಿದ್ದ ಉತ್ತರದ ಒಂದು ತುದಿ ಸಿಕ್ಕಿತು ಅನ್ನಿಸಿತು.

ಮ್ಯೋಹ್ಯಾಂಗ್‌ನಲ್ಲಿರುವುದು ಅಂತರರಾಷ್ಟ್ರೀಯ ಸ್ನೇಹ ಪ್ರದರ್ಶನ ಭವನ. 1978ರಲ್ಲಿ ತೆರೆದದ್ದು. ಜಗತ್ತಿನ ನಾಯಕರು ಕಿಮ್‌ಗಳಿಗೆ ಕೊಟ್ಟ ಉಡುಗೊರೆಗಳೆಲ್ಲಾ ಇಲ್ಲಿವೆ. ಒಂದು ಲಕ್ಷಕ್ಕೂ ಜಾಸ್ತಿ ಅಂತ ಅವರ ಲೆಕ್ಕ. ಸ್ಟಾಲಿನ್ ಮತ್ತು ಮಾವೋ ಕೊಟ್ಟ ರೈಲು ಬೋಗಿಗಳು. 2000ದಲ್ಲಿ ಅಮೆರಿಕದ ಮಂತ್ರಿ ಮ್ಯಾಡಲಿನ್ ಆಲ್‌ಬ್ರೈಟ್ ತಂದುಕೊಟ್ಟ, ಮೈಕಲ್ ಜೋರ್ಡನ್ ಸಹಿ ಇರುವ ಬ್ಯಾಸ್ಕೆಟ್‌ಬಾಲ್. ಬೂಟಿನ ಮೇಲೆ ಬಟ್ಟೆಯ ಚೀಲ ಹಾಕಿಕೊಂಡು ನಡೆಯಬೇಕು. ಒಂದು ಕೋಣೆಯಲ್ಲಿ ಕಿಮ್ ಇಲ್ ಸುಂಗ್ ಅವರ ಮೇಣದ ಪ್ರತಿಮೆ, ಅಲ್ಲೂ ಬಾಗಬೇಕು.

ದೇಶ ಬಿಟ್ಟು ಹೋಗಲು ಅನುಮತಿ ಇಲ್ಲದ ಜನರನ್ನು ಬಸ್ಸುಗಳಲ್ಲಿ ಇಲ್ಲಿಗೆ ಕರೆತರುತ್ತಾರೆ. ಇಡೀ ಜಗತ್ತು ನಮ್ಮ ನಾಯಕರಿಗೆ ಕಾಣಿಕೆ ಕಳಿಸುತ್ತಿದೆ ಅಂತ ಅವರಿಗೆ ಕಾಣುತ್ತದೆ. ಕಾಣಿಕೆ ಪಡೆಯುವುದು ಎಲ್ಲಾ ದೇಶಗಳ ನಾಯಕರಿಗೂ ಮಾಮೂಲು ಅನ್ನುವುದು ಗೊತ್ತಾಗಬೇಕಾದರೆ ಇನ್ನೊಂದು ದೇಶ ನೋಡಿರಬೇಕು, ಅಲ್ವಾ? ನಂಬಿಕೆ ಹುಟ್ಟಿಸುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಮುಚ್ಚಿದ ಗಡಿಯದ್ದು ಅನ್ನಿಸಿತು ನನಗೆ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಪೊಹ್ಯೊನ್ ಬೌದ್ಧ ದೇವಾಲಯ. 1042ರಲ್ಲಿ ಶುರುವಾದದ್ದು. ಕೊರಿಯಾ ಯುದ್ಧದಲ್ಲಿ ಬಾಂಬಿಗೆ ಸಿಕ್ಕಿ ಹಲವು ಕಟ್ಟಡಗಳು ಹೋದವು, ಆಮೇಲೆ ಮತ್ತೆ ಕಟ್ಟಿದರು. ಎಂಬತ್ತು ಸಾವಿರಕ್ಕೂ ಹೆಚ್ಚು ಮರದ ಹಲಗೆಗಳಲ್ಲಿ ಕೆತ್ತಿದ ಕೊರಿಯಾದ ತ್ರಿಪಿಟಕ ಇದೆಯಲ್ಲ, ಆ ಹಲಗೆಗಳು ದಕ್ಷಿಣ ಕೊರಿಯಾದ ಹೇಇನ್ಸಾ ದೇವಾಲಯದಲ್ಲಿವೆ. ಅವುಗಳಿಂದ ತೆಗೆದ ಒಂದು ಅಚ್ಚಿನ ಪ್ರತಿ ಇಲ್ಲಿದೆ. ಬುದ್ಧನ ಮುಂದೆ ನಾನು ಕೈ ಮುಗಿದು ನಿಂತೆ. ಗೈಡ್ ಆಶ್ಚರ್ಯದಿಂದ ನೋಡಿದರು. "ನೀವು ನಿಜವಾಗಲೂ ನಂಬುತ್ತೀರಾ?" ಅಂತ ಕೇಳಿದರು. "ನಂಬುತ್ತೇನೆ" ಅಂದೆ. "ನಮಗೆ ಇದು ನಮ್ಮ ಪೂರ್ವಿಕರ ಕಲೆ" ಅಂದರು. ಇಲ್ಲಿ ಬೂಟಿಗೆ ಚೀಲ ಬೇಕಿರಲಿಲ್ಲ. ಫೋಟೋ ಹೇಗೆ ಬೇಕಾದರೂ ತೆಗೆಯಬಹುದಿತ್ತು. ದೇವಾಲಯ ಮ್ಯೂಸಿಯಂ ಆಗಿತ್ತು, ಬೆಟ್ಟದ ಆಚೆಯ ಮ್ಯೂಸಿಯಂ ದೇವಾಲಯ ಆಗಿತ್ತು.

ಶನಿವಾರ: ಕೆಸಾಂಗ್, ಪನ್‌ಮುನ್‌ಜೊಮ್

ಈ ದಿನಕ್ಕಾಗಿ ನಾನು ಕಾಯುತ್ತಿದ್ದೆ. ಕಾರಣ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ.

ಎರಡು ಕೊರಿಯಾಗಳ ಗಡಿಯಲ್ಲಿರುವ ಪನ್‌ಮುನ್‌ಜೊಮ್‌ನಲ್ಲಿ 1953ರ ಜುಲೈ 27ರಂದು ಕೊರಿಯಾ ಯುದ್ಧದ ಕದನ ವಿರಾಮದ ಸಹಿ ಆಯಿತು. ಆಗ ದೊಡ್ಡ ತಲೆನೋವು ಆಗಿದ್ದು ಯುದ್ಧ ಕೈದಿಗಳು. ದಕ್ಷಿಣದ ಕಡೆ ಸೆರೆಯಲ್ಲಿದ್ದ ಚೀನೀ ಮತ್ತು ಉತ್ತರ ಕೊರಿಯಾದ ಸೈನಿಕರಲ್ಲಿ 22 ಸಾವಿರಕ್ಕೂ ಹೆಚ್ಚು ಮಂದಿ ಊರಿಗೆ ವಾಪಸ್ ಹೋಗುವುದಿಲ್ಲ ಅಂದರು. ಉತ್ತರದ ಕಡೆ ಇದ್ದ ಕೆಲವು ನೂರು ಕೈದಿಗಳೂ ಹಾಗೇ ಅಂದರು. ಇವರ ಮನಸ್ಸು ನಿಜವಾಗಿ ಏನಿದೆ ಅಂತ ತಿಳಿಯಲು ಐದು ತಟಸ್ಥ ದೇಶಗಳ ಆಯೋಗ ಆಯಿತು. ಅದಕ್ಕೆ ಅಧ್ಯಕ್ಷರು ತಿಮ್ಮಯ್ಯ. ಕೈದಿಗಳನ್ನು ಕಾಯಲು ಭಾರತದಿಂದ ಸಾವಿರಾರು ಸೈನಿಕರು ಬಂದರು. ಒಬ್ಬೊಬ್ಬ ಕೈದಿಯನ್ನೂ ಡೇರೆಗೆ ಕರೆತಂದು, ಅವನ ದೇಶದವರಿಗೆ ಮಾತಾಡಲು ಬಿಟ್ಟು, ಕೊನೆಗೆ ಆಯ್ಕೆ ಅವನಿಗೇ ಬಿಡಬೇಕು. ಡೇರೆಯಿಂದ ಆಚೆ ಬರಲು ಎರಡು ಬಾಗಿಲು. ಒಂದು ಊರಿನ ಕಡೆಗೆ, ಇನ್ನೊಂದು ಬೇಡ ಅಂದವರಿಗೆ.

ಹೇಳುವಷ್ಟು ಸುಲಭ ಇರಲಿಲ್ಲ ಅದು. ಶಿಬಿರಗಳ ಒಳಗೇ ಗುಂಪುಗಳಿದ್ದವು, ಬೆದರಿಕೆ ಇತ್ತು, ಕೊಲೆಯೂ ಆಯಿತು. ಎರಡೂ ಕಡೆಯವರು ಭಾರತವನ್ನು ಬೈದರು. ಕೊನೆಗೆ ಎರಡೂ ಬೇಡ ಅಂದ 88 ಮಂದಿ 1954ರಲ್ಲಿ ನಮ್ಮ ಸೈನಿಕರ ಜೊತೆ ಭಾರತಕ್ಕೆ ಬಂದರು.

ಪನ್‌ಮುನ್‌ಜೊಮ್‌ನಲ್ಲಿ ಸೈನ್ಯದ ಅಧಿಕಾರಿಯೊಬ್ಬರು ನಮಗೆ ಎಲ್ಲಾ ತೋರಿಸಿದರು. ಸಹಿ ಹಾಕಿದ ಮೇಜು, ಬಾವುಟ. ಭಾರತದವರು ಇಲ್ಲಿ ಕೈದಿಗಳನ್ನು ನೋಡಿಕೊಂಡಿದ್ದರು ಅಂತ ನಾನು ಗೈಡ್ ಮೂಲಕ ಹೇಳಿಸಿದೆ. ಅವರು ತಲೆಯಾಡಿಸಿದರು, ಕೈದಿಗಳ ವಿಷಯ ಮುಂದುವರಿಸಲಿಲ್ಲ. ನಮ್ಮನ್ನು ಕರೆದುಕೊಂಡು ಹೋದದ್ದು ಕಿಮ್ ಇಲ್ ಸುಂಗ್ ಸಹಿಯ ಕಲ್ಲಿನ ಹತ್ತಿರ. ಸಾಯುವ ಹಿಂದಿನ ದಿನ, 1994ರ ಜುಲೈ 7ರಂದು, ಎರಡು ಕೊರಿಯಾಗಳ ಮಾತುಕತೆಯ ಕಾಗದಕ್ಕೆ ಹಾಕಿದ ಸಹಿ ಅದು. ಅದನ್ನೇ ದೊಡ್ಡದಾಗಿ ಬಿಳೀ ಕಲ್ಲಿನಲ್ಲಿ ಕೆತ್ತಿದ್ದಾರೆ. ಕಲ್ಲಿನ ಅಳತೆಯಲ್ಲೂ ಆ ದಿನಾಂಕ ಇದೆ, 9.4 ಮೀಟರ್, 7.7 ಮೀಟರ್.

ವಾಪಸ್ ಬರುವಾಗ ಖಾಲಿ ಹೆದ್ದಾರಿಯಲ್ಲಿ ನಾನು ಭಾವನಿಗೆ ಹೇಳಿದೆ. "ಭಾವ, ನೀವು ನಂಜನಗೂಡಿನಲ್ಲಿ ಹೊರಗೆ ಕೂತಿರ್ತಿದ್ರಿ. ನಿಮಗೆ ಆ ಎರಡನೇ ಬಾಗಿಲು ಇತ್ತು. ಇವರಿಗೆ ಇಲ್ಲ. ನನಗೆ ಬೇರೆ ಅಂತ ಕಾಣೋದು ಅದೇ."

ಭಾವ ಬೇಗ ಒಪ್ಪುವವರಲ್ಲ. "ನನಗೆ ಇತ್ತು, ಸರಿ. ನಾನು ಮೇಲ್ಜಾತಿಯವನು, ಗಂಡಸು, ಸಂಬಳ ಬರ್ತಿತ್ತು. ಒಳಗೆ ಬರ್ತೀವಿ ಅಂದವರನ್ನೇ ಹೊರಗೆ ನಿಲ್ಲಿಸಿದ ದೇವಸ್ಥಾನಗಳು ಎಷ್ಟಿರಲಿಲ್ಲ? ಮತ ಬಿಟ್ಟೆ ಅಂದವರನ್ನ ಕೊಲ್ಲೋ ಊರುಗಳು ಇವತ್ತಿಗೂ ಇಲ್ವಾ? ಬಾಗಿಲು ಇಟ್ಟಿದ್ದು ನಿನ್ನ ದೇವರಲ್ಲ ಕಣಯ್ಯ, ಕಾನೂನು."

ಈ ಮಾತು ನನಗೆ ನಾಟಿತು. ದಾರಿಯುದ್ದಕ್ಕೂ ಅದೇ ತಲೆಯಲ್ಲಿತ್ತು.

ರಾತ್ರಿ ಮೇ ಡೇ ಸ್ಟೇಡಿಯಂನಲ್ಲಿ ಸಾಮೂಹಿಕ ಪ್ರದರ್ಶನ ನೋಡಿದೆವು. ಸಾವಿರಾರು ಶಾಲಾ ಮಕ್ಕಳು ಬಣ್ಣದ ಪುಸ್ತಕದ ಹಾಳೆ ತಿರುಗಿಸಿ ಎದುರು ಗ್ಯಾಲರಿಯಲ್ಲಿ ಚಿತ್ರ ಮೂಡಿಸುತ್ತಾರೆ. ಕಣ್ಣಿಗೆ ಹಬ್ಬ ಅನ್ನುವುದು ನಿಜ. ಆ ಮಕ್ಕಳು ಎಷ್ಟು ತಿಂಗಳು ಬಿಸಿಲಿನಲ್ಲಿ ಅಭ್ಯಾಸ ಮಾಡಿರಬೇಕು ಅಂತ ಯೋಚಿಸಿದ ಮೇಲೆ ನನಗೆ ಚಪ್ಪಾಳೆ ತಟ್ಟಲು ಆಗಲಿಲ್ಲ.

ಭಾನುವಾರ: ಚರ್ಚು ಮತ್ತು ಹುಟ್ಟಿದ ಮನೆ

ಮೊದಲೇ ಕೇಳಿಕೊಂಡಿದ್ದರಿಂದ ಬೊಂಗ್ಸು ಚರ್ಚಿಗೆ ಕರೆದುಕೊಂಡು ಹೋದರು. 1988ರಲ್ಲಿ ಕಟ್ಟಿದ್ದು. ಮುಂದಿನ ವರ್ಷ ಪ್ಯೋಂಗ್ಯಾಂಗ್‌ನಲ್ಲಿ ಜಗತ್ತಿನ ಯುವಜನರ ದೊಡ್ಡ ಉತ್ಸವ ಇತ್ತು, ವಿದೇಶಿಗಳು ಬರುವವರಿದ್ದರು. ಬೆಂಚುಗಳಲ್ಲಿ ಹೆಚ್ಚಾಗಿ ನಡುವಯಸ್ಸಿನವರು. ಗಾಯಕರು ತುಂಬಾ ಚೆನ್ನಾಗಿ ಹಾಡಿದರು. ಇವರಲ್ಲಿ ನಿಜವಾಗಿ ನಂಬುವವರು ಯಾರು, ಕರೆಸಿ ಕೂರಿಸಿದವರು ಯಾರು ಅಂತ ನೋಡಲು ಬರುವ ವಿದೇಶಿಗಳೆಲ್ಲಾ ಪ್ರಯತ್ನ ಮಾಡುತ್ತಾರೆ. ನಾನು ಆ ಕೆಲಸ ಮಾಡಲಿಲ್ಲ. ಅರವತ್ತು ದಾಟಿದ ಒಬ್ಬ ಹೆಂಗಸು ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವರ ಮನಸ್ಸಿನೊಳಗೆ ಇಣುಕಲು ನನಗೆ ಹಕ್ಕಿಲ್ಲ ಅನ್ನಿಸಿತು. ಸಂವಿಧಾನದ 68ನೇ ವಿಧಿಯಲ್ಲಿ ಮತ ಸ್ವಾತಂತ್ರ್ಯ ಇದೆ. ಆದರೆ ಹೊರಗಿನ ಶಕ್ತಿಗಳನ್ನು ಒಳಗೆ ಬಿಟ್ಟುಕೊಳ್ಳಲು ಅದನ್ನು ಬಳಸಬಾರದು ಅಂತಲೂ ಇದೆ. 2014ರಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಕೊಟ್ಟ ವರದಿಯ ಪ್ರಕಾರ, ಸರ್ಕಾರದ ಈ ಚರ್ಚುಗಳ ಹೊರಗೆ ಪ್ರಾರ್ಥನೆ ಮಾಡಿ ಸಿಕ್ಕಿಬಿದ್ದವರಿಗೆ ಕಠಿಣ ಶಿಕ್ಷೆ ಆಗುತ್ತದೆ.

ಈ ಊರು ಒಂದು ಕಾಲದಲ್ಲಿ ಪೂರ್ವದ ಜೆರುಸಲೇಮ್ ಅಂತ ಹೆಸರಾಗಿತ್ತು ಅಂದರೆ ಈಗ ನಂಬುವುದು ಕಷ್ಟ. 1907ರಲ್ಲಿ ಇಲ್ಲಿ ಶುರುವಾದ ಪ್ರಾರ್ಥನೆಯ ಅಲೆ ಕೊರಿಯಾ ತುಂಬಾ ಹರಡಿತು. ಕಿಮ್ ಇಲ್ ಸುಂಗ್ ಹುಟ್ಟಿದ್ದೂ ಕ್ರೈಸ್ತ ಮನೆತನದಲ್ಲೇ, 1912ರ ಏಪ್ರಿಲ್ 15ರಂದು. ತಾಯಿ ಕಾಂಗ್ ಪಾನ್ ಸೊಕ್ ಪ್ರೆಸ್ಬಿಟೇರಿಯನ್. ತಂದೆ ಓದಿದ್ದು ಮಿಷನರಿಗಳು ಕಟ್ಟಿದ ಸುಂಗ್ಸಿಲ್ ಶಾಲೆಯಲ್ಲಿ. ಆ ತಾಯಿಯ ನೆನಪಿಗೆ ಚಿಲ್ಗೊಲ್‌ನಲ್ಲಿ ಇನ್ನೊಂದು ಚರ್ಚ್ ಇದೆ.

ಮಧ್ಯಾಹ್ನ ಅವರು ಹುಟ್ಟಿದ ಮಂಗ್ಯೊಂಗ್ದೇ ನೋಡಿದೆವು. ಹುಲ್ಲು ಹೊದಿಸಿದ ಮನೆ, ಒಂದು ಬಾವಿ, ಸೊಟ್ಟ ಮಡಕೆ. ಬಡವರ ಮನೆಯ ಸೊಟ್ಟ ಮಡಕೆ ಅಗ್ಗಕ್ಕೆ ಸಿಗುತ್ತಿತ್ತು ಅಂತ ಗೈಡ್ ಹೇಳಿದರು. ಶಾಲೆಯ ಮಕ್ಕಳು ಸಾಲಾಗಿ ಬಂದು ಬಾವಿ ನೀರು ಕುಡಿದರು. 1997ರಲ್ಲಿ ಕಿಮ್ ಇಲ್ ಸುಂಗ್ ಹುಟ್ಟಿದ ವರ್ಷದಿಂದ ಎಣಿಸುವ ಪಂಚಾಂಗ ಬಂತು. ಅವರ ಸಿದ್ಧಾಂತದ ಹೆಸರಾದ ಜೂಚೆಯೇ ಅದಕ್ಕೂ ಹೆಸರು. ನಾವು ಹೋದ 2018 ಅವರಿಗೆ ಜೂಚೆ 107.

ಅಲ್ಲಿನ ಬೆಂಚಿನ ಮೇಲೆ ಕೂತು ಭಾವ ಬೆರಳು ಮಡಚಿ ಎಣಿಸಿದರು. ಅವತಾರದ ಕಥೆ ಇದೆ. ತೀರ್ಥಯಾತ್ರೆ ಇದೆ. ಶಕೆ ಇದೆ. 1974ರಲ್ಲಿ ಮಗ ಹೊರಡಿಸಿದ ಹತ್ತು ಸೂತ್ರಗಳು ಇವೆ, ಬೈಬಲ್ಲಿನ ಹತ್ತು ಕಟ್ಟಳೆಗಳ ಹಾಗೆ. ಅವುಗಳನ್ನು ಬಾಯಿಪಾಠ ಮಾಡಿ, ವಾರಕ್ಕೊಮ್ಮೆ ಸಭೆಯಲ್ಲಿ ನಿಂತು ತಪ್ಪು ಒಪ್ಪಿಕೊಳ್ಳಬೇಕು. ಸಾವಿನ ನಂತರದ ಬದುಕೂ ಇದೆ. ಹೆತ್ತವರು ಕೊಟ್ಟ ದೇಹ ಸಾಯುತ್ತದೆ, ನಾಯಕ ಕೊಟ್ಟ ರಾಜಕೀಯ ಜೀವ ಸಾಯುವುದಿಲ್ಲ ಅಂತ 1980ರ ದಶಕದಲ್ಲಿ ಸಿದ್ಧಾಂತ ಮಾಡಿದರು. "ಇನ್ನೇನು ಬೇಕು ನಿನಗೆ?"

ನನಗೆ ಅಲ್ಲಿ ನೆನಪಾದದ್ದು ಗೋಡೆಯ ಮೇಲಿನ ಫೋಟೋಗಳು. ಇಲ್ಲಿ ಪ್ರತಿ ಮನೆಯಲ್ಲೂ ತಂದೆ ಮಗನ ಫೋಟೋ ಇರಬೇಕು. ಒಳ್ಳೇ ಗೋಡೆಯಲ್ಲಿ ಬೇರೆ ಏನೂ ಇರಬಾರದು. ಅದಕ್ಕೆಂದೇ ಇಟ್ಟ ಬಟ್ಟೆಯಿಂದ ಒರೆಸಬೇಕು. ಧೂಳಿದೆಯಾ ಅಂತ ಪರೀಕ್ಷೆ ಮಾಡಲು ಜನ ಬರುತ್ತಾರೆ. 2012ರ ನೆರೆಯಲ್ಲಿ ಈ ಫೋಟೋಗಳನ್ನು ಉಳಿಸಲು ಹೋಗಿ 14 ವರ್ಷದ ಒಬ್ಬ ಹುಡುಗಿ ಮುಳುಗಿ ಸತ್ತಳು. ಸರ್ಕಾರ ಅವಳಿಗೆ ಗೌರವ ಕೊಟ್ಟು, ಅವಳ ಶಾಲೆಗೆ ಅವಳ ಹೆಸರಿಟ್ಟಿತು. ನನ್ನ ಮನೆಯ ದೇವರ ಕೋಣೆಯಲ್ಲೂ ಫೋಟೋಗಳಿವೆ. ಎಷ್ಟೋ ಸಲ ಅವುಗಳ ಮೇಲೆ ಧೂಳು ಕೂತಿರುತ್ತದೆ. ನೋಡಲು ಯಾರೂ ಬರುವುದಿಲ್ಲ. ಮಳೆ ನೀರು ಮನೆಗೆ ನುಗ್ಗಿದ ವರ್ಷ ನಮ್ಮ ಅಮ್ಮ ಮೊದಲು ಎತ್ತಿಕೊಂಡು ಓಡಿದ್ದು ಮೊಮ್ಮಗುವನ್ನು. ದೇವರು ಸಿಟ್ಟಾಗುತ್ತಾನೆ ಅಂತ ಅವರಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

"ಭಾವ, ಆ ಹುಡುಗಿಗೆ ಹಾಗೆ ಅನ್ನಿಸೋ ಹಾಗಿರಲಿಲ್ಲ" ಅಂದೆ. ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಅವರಿಗೂ ಒಬ್ಬಳು ಮೊಮ್ಮಗಳಿದ್ದಾಳೆ.

ಆಮೇಲೆ ಅವರೇ ನನಗೆ ಗೊತ್ತಿಲ್ಲದ ಒಂದು ವಿಷಯ ಹೇಳಿದರು. ಜಪಾನಿನವರು ಕೊರಿಯಾ ಆಳುತ್ತಿದ್ದಾಗ 1930ರ ದಶಕದಲ್ಲಿ ಎಲ್ಲರೂ ಶಿಂಟೋ ಗುಡಿಗೆ ಹೋಗಿ ಬಾಗಬೇಕು ಅಂತ ಕಡ್ಡಾಯ ಮಾಡಿದರು. ಜಪಾನಿನ ಚಕ್ರವರ್ತಿ ಆಗ ದೇವರ ಸಮಾನ. ಸುಂಗ್ಸಿಲ್ ಶಾಲೆ ಒಪ್ಪಲಿಲ್ಲ, 1938ರಲ್ಲಿ ಮುಚ್ಚಿತು. ಇದೇ ಪ್ಯೋಂಗ್ಯಾಂಗ್‌ನ ಪಾದ್ರಿ ಚು ಕಿ ಚೊಲ್ ಬಾಗಲಿಲ್ಲ. 1944ರಲ್ಲಿ ಸೆರೆಮನೆಯಲ್ಲೇ ಸತ್ತರು.

"ಆತ ದೇವರನ್ನ ನಂಬಿದ್ದರಿಂದ ಬಗ್ಗಲಿಲ್ಲ. ನಾನು ನಂಬದೇ ಇದ್ದವನು ಬಗ್ಗಿದೆ. ಇದನ್ನ ನಿನ್ನ ಪರವಾಗಿ ಬರಕೋ" ಅಂದರು.

ನಾನು ಬರೆದುಕೊಂಡೆ. ಆಳುವವನಿಗಿಂತ ದೊಡ್ಡವನೊಬ್ಬ ಇದ್ದಾನೆ ಅಂತ ನಂಬಿದವನಿಗೆ ಆಳುವವನ ಎದುರು ನಿಲ್ಲಲು ಒಂದು ನೆಲ ಇರುತ್ತದೆ. ಕಿಮ್‌ಗಳ ಮೇಲೆ ಯಾರೂ ಇಲ್ಲ. ಅನ್ಯಾಯ ಆದರೆ ದೂರು ಕೊಡಲು ಮೇಲೊಂದು ಬಾಗಿಲಿಲ್ಲ. ನಮ್ಮ ದಾಸರು, ಶರಣರು ದೇವರನ್ನೇ ನಿಲ್ಲಿಸಿ ಬೈದಿದ್ದಾರೆ, ಕೊಂಕು ನುಡಿದಿದ್ದಾರೆ. ಅದನ್ನು ನಾವು ಭಕ್ತಿ ಅಂತಲೇ ಹಾಡುತ್ತೇವೆ.

ಸೋಮವಾರ: ವಾಪಸ್

ಸಿನುಯಿಜುವಿನಲ್ಲಿ ಮತ್ತೆ ತಪಾಸಣೆ. ಫೋನಿನ ಫೋಟೋಗಳನ್ನು ಒಂದೊಂದಾಗಿ ನೋಡಿದರು. ಮನ್ಸುದೇ ಗುಡ್ಡದ ಒಂದು ಫೋಟೋದಲ್ಲಿ ಪ್ರತಿಮೆಯ ಪಾದ ಬಂದಿರಲಿಲ್ಲ, ಅಳಿಸಿದರು.

ಪ್ಯೋಂಗ್ಯಾಂಗ್‌ನಲ್ಲಿ ಗೈಡ್ ಕೈ ಕುಲುಕಿ ಬೀಳ್ಕೊಟ್ಟಿದ್ದರು. ಅವರು ನಾಯಕರನ್ನು ಪೂರ್ತಿ ನಂಬುತ್ತಾರಾ ಅಂತ ಭಾವ ರೈಲಿನಲ್ಲಿ ಕೇಳಿದರು. ಗೊತ್ತಿಲ್ಲ ಅಂದೆ. ಒಬ್ಬರು ನಂಬುವುದಿಲ್ಲ ಅನ್ನಲು ಜಾಗ ಇದ್ದಾಗ ಮಾತ್ರ ಇನ್ನೊಬ್ಬರ ನಂಬಿಕೆ ಎಷ್ಟು ಅಂತ ಅಂದಾಜು ಸಿಗುತ್ತದೆ. ಆಕೆ ಮನಸಾರೆ ನಂಬುತ್ತಿರಬಹುದು. ಹಾಗಿದ್ದರೂ ಆ ನಂಬಿಕೆಯನ್ನು ತೋರಿಸಲು ಆಕೆಗೆ ದಾರಿ ಇಲ್ಲ, ಯಾಕೆಂದರೆ ನಂಬದವರೂ ಹಾಗೇ ಬಾಗಬೇಕು, ಹಾಗೇ ಅಳಬೇಕು.

ಊರಿಗೆ ಬಂದ ಮೇಲೂ ನಮ್ಮ ವಾದ ಮುಗಿಯಲಿಲ್ಲ. 2019ರ ಮಾರ್ಚ್‌ನಲ್ಲಿ ಈಗ ಆಳುತ್ತಿರುವ ಮೊಮ್ಮಗ ಕಿಮ್ ಜಾಂಗ್ ಉನ್ ಒಂದು ಪತ್ರದಲ್ಲಿ, ನಾಯಕರ ಸುತ್ತ ಪವಾಡ ಕಟ್ಟಿದರೆ ಸತ್ಯ ಮರೆಯಾಗುತ್ತದೆ ಅಂತ ಬರೆದರು. 2020ರಲ್ಲಿ ಪಕ್ಷದ ಪತ್ರಿಕೆ, ನೆಲವನ್ನೇ ಮಡಚಿ ದೂರ ದಾಟುವ ವಿದ್ಯೆ ಯಾರಿಗೂ ಬರುವುದಿಲ್ಲ ಅಂತ ಬರೆಯಿತು. ಕಿಮ್ ಇಲ್ ಸುಂಗ್‌ಗೆ ಆ ವಿದ್ಯೆ ಇತ್ತು ಅಂತ ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದರು. "ನೋಡಿದ್ಯಾ, ಅಲ್ಲೂ ಸುಧಾರಣೆ ಶುರುವಾಯ್ತು" ಅಂತ ಭಾವ ಫೋನ್ ಮಾಡಿದರು. ನನಗೆ ಹಾಗನ್ನಿಸಲಿಲ್ಲ. ನಮ್ಮಲ್ಲಿ ಮತವನ್ನು ತಿದ್ದಿದವರು ಮಡಿವಾಳರು, ಅಂಬಿಗರು, ಸಮಗಾರರು. ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು. ಅಲ್ಲಿ ತಿದ್ದುವವರು ಸಿಂಹಾಸನದ ಮೇಲೆ ಕೂತಿದ್ದಾರೆ. 2024ರಲ್ಲಿ ಕಿಮ್ ಜಾಂಗ್ ಉನ್ ಫೋಟೋ ಅಪ್ಪ, ಅಜ್ಜನ ಫೋಟೋಗಳ ಪಕ್ಕ ಬಂತು. ಅಧಿಕಾರಿಗಳ ಎದೆಯ ಮೇಲೆ ಅವರೊಬ್ಬರದೇ ಬ್ಯಾಡ್ಜ್ ಕಾಣಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪಕ್ಷದ ಪತ್ರಿಕೆಯ ಮೇಲಿಂದ ಜೂಚೆ ವರ್ಷ ಹೋಯಿತು. ಯಾರನ್ನೂ ಕೇಳಲಿಲ್ಲ, ಯಾಕೆ ಅಂತ ಯಾರಿಗೂ ಹೇಳಲಿಲ್ಲ.

ಮೊನ್ನೆ ಭಾವನನ್ನು ಕೇಳಿದೆ, ಅಲ್ಲಿಗೆ ಮತ್ತೆ ನಮ್ಮನ್ನು ಬಿಟ್ಟರೆ ಹೋಗೋಣವಾ ಅಂತ.

"ಹೋಗೋಣ. ಆದರೆ ಈ ಸಲ ನಾನು ಬಗ್ಗಲ್ಲ" ಅಂದರು.

"ಹಾಗಾದ್ರೆ ಆ ಗೈಡ್ ಹುಡುಗಿ ಗತಿ ಏನು ಭಾವ?"

ಅವರು ಸ್ವಲ್ಪ ಹೊತ್ತು ಯೋಚಿಸಿ, ಹಾಗಾದರೆ ಹೋಗುವುದೇ ಬೇಡ ಅಂದರು.